ಚಾಲೂ ಆಗದ ಕಂಪ್ಯೂಟರ್: ಮೊದಲು ಎಲ್ಲಿ ನೋಡಬೇಕು?

ಗಂಗಾವತಿಯಲ್ಲಿ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ, ಗಿಣಿಗೇರಿ ಸುತ್ತ ಕಾರ್ಖಾನೆಗಳ ಕರಿ ಧೂಳು, ಯಲಬುರ್ಗಾ ಕಡೆ ಎರೆಮಣ್ಣು, ಕುಷ್ಟಗಿ ಕಡೆ ಮಸಾರಿ. ಕೊಪ್ಪಳ ಜಿಲ್ಲೆಯ ಯಾವ ಡೆಸ್ಕ್‌ಟಾಪ್ ಬಿಚ್ಚಿದರೂ ಇವುಗಳಲ್ಲಿ ಒಂದು ಒಳಗೆ ಕೂತಿರುತ್ತದೆ. ಅದರ ಮೇಲೆ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲು. ಹಾಗಾಗಿ ಪರದೆ ಗೆರೆಗೆರೆಯಾದ ಕೂಡಲೇ, ಗುಂಡಿ ಒತ್ತಿದರೂ ಏನೂ ಕಾಣದ ಕೂಡಲೇ, ‘ಮದರ್‌ಬೋರ್ಡ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬಂದು ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಸಣ್ಣ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ಮೊಬೈಲ್ ಟಾರ್ಚ್ ಸಾಕು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ಗೊತ್ತಾಗುವುದಿಲ್ಲ.

ಹಂತ 1: ಕರೆಂಟು

ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಯುಪಿಎಸ್ ಬ್ಯಾಟರಿ ಸೋತಿದ್ದರೆ ಕರೆಂಟು ಒಂದು ಕ್ಷಣ ಹೋಗಿ ಬಂದರೂ ಕಂಪ್ಯೂಟರ್ ಮತ್ತೆ ಮೊದಲಿಂದ ಚಾಲೂ ಆಗುತ್ತದೆ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಾದರೆ ಅರ್ಥಿಂಗ್ ಸರಿಯಿಲ್ಲ. ಇಲ್ಲಿಗೇ ನಿಲ್ಲಿಸಿ, ವೈರಿಂಗ್ ಮಾಡುವವರನ್ನು ಕರೆಸಿ. ಇದರಲ್ಲಿ ರಾಜಿ ಬೇಡ, ಇದು ಕಂಪ್ಯೂಟರಿಗಿಂತ ಮನುಷ್ಯರ ಜೀವದ ಪ್ರಶ್ನೆ.

ಫ್ಯಾನ್ ತಿರುಗದಿದ್ದರೆ ಹಿಂದಿನ ಸಣ್ಣ ಸ್ವಿಚ್ ನೋಡಿ, ಪವರ್ ಕೇಬಲ್ ಬದಲಿಸಿ. ಆಗಲೂ ಸದ್ದಿಲ್ಲವೆಂದರೆ ಅನುಮಾನ ಒಳಗೆ ಕರೆಂಟು ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೇಲೆ. ಅದನ್ನು ಅಂಗಡಿಗೆ ಒಯ್ದು ಮೀಟರ್ ಹಿಡಿಸಿ, 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರೊಳಗೆ ಇರಬೇಕು. ನೀವಾಗಿ ಅದರ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಹಂತ 2: ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಅದು ಸರಿಯಿದ್ದರೆ ರ‍್ಯಾಮ್ ನೋಡಿ. ನಮ್ಮ ಕಡೆಯ ಧೂಳಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿಯಿರಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ ಎಂದು ಕ್ಯಾಬಿನೆಟ್ ತಗಡನ್ನು ಮುಟ್ಟಿ. ರ‍್ಯಾಮಿನ ಎರಡೂ ತುದಿಯ ಕ್ಲಿಪ್ ಸರಿಸಿ, ಪಟ್ಟಿಯನ್ನು ಅಂಚು ಹಿಡಿದು ತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಝಾಡಿಸಿ. ಸ್ಲಾಟನ್ನು ಬ್ರಷ್ಷಿನಿಂದ ಸ್ವಚ್ಛ ಮಾಡಿ, ‘ಟಕ್’ ಎನ್ನುವ ತನಕ ಒತ್ತಿ ಕೂಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಬೋರ್ಡಿಗೆ ಸಣ್ಣ ಸ್ಪೀಕರ್ ಇದ್ದರೆ ಇನ್ನೊಂದು ಪರೀಕ್ಷೆಯಿದೆ. ಪ್ಲಗ್ ಕಿತ್ತು ರ‍್ಯಾಮ್ ಪೂರ್ತಿ ತೆಗೆಯಿರಿ, ಮತ್ತೆ ಪ್ಲಗ್ ಹಾಕಿ ಗುಂಡಿ ಒತ್ತಿ. ಬೀಪ್ ಬಂದರೆ ಬೋರ್ಡು, ಪ್ರೊಸೆಸರ್ ಎರಡೂ ಕೆಲಸ ಮಾಡುತ್ತಿವೆ ಎಂದರ್ಥ. ಹೊಸ ಬೋರ್ಡ್ ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಬೀಪಿನ ಲೆಕ್ಕ ಬೋರ್ಡಿನಿಂದ ಬೋರ್ಡಿಗೆ ಬೇರೆ, ಅದಕ್ಕೇ ಮಾದರಿ ಸಂಖ್ಯೆ ಬರೆದಿಟ್ಟುಕೊಳ್ಳಿ. ತಾರೀಖು, ವೇಳೆ ದಿನಾ ಹಿಂದಕ್ಕೆ ಹೋಗುತ್ತಿದ್ದರೆ ನಾಣ್ಯದಷ್ಟಿರುವ ಸಿಆರ್ 2032 ಬ್ಯಾಟರಿ ಬದಲಿಸಿ.

ಹಂತ 3: ಗೆರೆ, ಚುಕ್ಕಿ, ಬಣ್ಣಗೆಟ್ಟ ಪರದೆ

ಮಾನಿಟರಿನದೇ ಮೆನು ಗುಂಡಿ ಒತ್ತಿ. ಆ ಮೆನುವಿನ ಮೇಲೂ ಗೆರೆಯಿದ್ದರೆ ದೋಷ ಮಾನಿಟರಿನದು. ಮೆನು ಶುಭ್ರವಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ ಬದಲಿಸಿ. ಪರದೆಯೆಲ್ಲ ಗುಲಾಬಿ ಅಥವಾ ಹಳದಿಯಾಗಿದ್ದರೆ ವಿಜಿಎ ಕೇಬಲ್ಲಿನ ಪಿನ್ ಬಾಗಿದೆಯೇ ನೋಡಿ.

ಇನ್ನೂ ಗೆರೆಯಿದ್ದರೆ, ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತೆರೆಯಿರಿ. ಅಲ್ಲಿ ಪರದೆ ಚೆನ್ನಾಗಿದ್ದು ವಿಂಡೋಸ್‌ನಲ್ಲಷ್ಟೇ ಕೆಡುತ್ತಿದ್ದರೆ ಡಿಸ್‌ಪ್ಲೇ ಡ್ರೈವರ್ ತೆಗೆದು ಮತ್ತೆ ಹಾಕಿ. ಬಯೋಸ್‌ನಲ್ಲೂ ಕೆಟ್ಟಿದ್ದರೆ ಪ್ಲಗ್ ಕಿತ್ತು ಗ್ರಾಫಿಕ್ಸ್ ಕಾರ್ಡ್ ತೆಗೆದು ಬೋರ್ಡಿನ ಕಿಂಡಿಗೆ ಕೇಬಲ್ ಹಾಕಿ ನೋಡಿ. ಕಾರ್ಡ್ ಇಲ್ಲದೆ ಬೋರ್ಡಿನ ಕಿಂಡಿಯಿಂದಲೇ ಚಿತ್ರ ಬರುವ ಸೌಲಭ್ಯ ಎಲ್ಲ ಪ್ರೊಸೆಸರಿಗೂ ಇರುವುದಿಲ್ಲ.

ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಕೆಡುವುದಾದರೆ ಹೆಚ್ಚಾಗಿ ಕಾರಣ ಬಿಸಿ. ಪ್ರೊಸೆಸರ್ ಫ್ಯಾನಿನ ಕೆಳಗಿನ ತಗಡುಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಹೊದ್ದುಕೊಂಡಿರುತ್ತದೆ. ಪ್ಲಗ್ ಕಿತ್ತು, ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ರೆಕ್ಕೆಗೆ ಬೆರಳು ಕೊಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಮಾತ್ರ ಬೇಡ, ಅದರಲ್ಲಿ ನೀರಿನ ಹನಿ ಇರುತ್ತದೆ. ಮಿಲ್ಲಿನ ಹತ್ತಿರದ ಅಂಗಡಿಯವರು ಈ ಕೆಲಸವನ್ನು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು.

ಹಂತ 4: ಪರದೆ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಾಲು ಕಂಡರೆ, ಪ್ಲಗ್ ಕಿತ್ತು ಡಿಸ್ಕಿನ ಎರಡೂ ಕೇಬಲ್ ತೆಗೆದು ಮತ್ತೆ ಚುಚ್ಚಿ. ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ, ಇಲ್ಲವೇ ಡಿಸ್ಕ್ ‘ಟಿಕ್ ಟಿಕ್’ ಎನ್ನುತ್ತಿದ್ದರೆ, ಪದೇ ಪದೇ ಚಾಲೂ ಮಾಡಬೇಡಿ, ಒಳಗಿನ ಫೈಲುಗಳು ಪೂರ್ತಿ ಹೋಗಬಹುದು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಊರವರ ಪಹಣಿ, ಮಾರ್ಕ್ಸ್‌ಕಾರ್ಡ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿಗಳು ಇರುತ್ತವೆ. ರಿಪೇರಿಗೆ ಕೊಡುವಾಗ ‘ಫಾರ್ಮ್ಯಾಟ್ ಮಾಡುವ ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದುಕೊಡಿ’ ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆಸಿ. ಇದುವರೆಗೆ ಏನೇನು ಬದಲಿಸಿ ನೋಡಿದಿರಿ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ.