ಕಣ್ಣು, ಕಿವಿ, ತಪಾಸಣೆ: ವೈದ್ಯಕೀಯ ಪದಗಳನ್ನು ಗೆಲ್ಲುವ ಸೂತ್ರಗಳು

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ ನರ್ಸಿಂಗಿಗೋ ಆಪ್ಟೊಮೆಟ್ರಿಗೋ ಪ್ಯಾರಾಮೆಡಿಕಲ್ ಡಿಪ್ಲೊಮಾಕ್ಕೋ ಸೇರಿದವರನ್ನು ಮೊದಲ ತಿಂಗಳಲ್ಲೇ ಹೆದರಿಸುವುದು ಪದಗಳು. ಬ್ಲೆಫರೈಟಿಸ್, ಡಾಕ್ರಿಯೊಸಿಸ್ಟೈಟಿಸ್, ಪ್ರೆಸ್ಬಿಕ್ಯೂಸಿಸ್! ಪಟ್ಟಿ ಮಾಡಿ ಬಾಯಿಪಾಠ ಹೊಡೆದರೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ. ರೋಗಿ ಹೇಳಿದ್ದು ಕೇಸ್ ಶೀಟಿಗೆ ತಪ್ಪಿಲ್ಲದೆ ಇಳಿಯಬೇಕು, ಕೇಸ್ ಶೀಟಿನಲ್ಲಿರುವುದು ರೋಗಿಗೆ ತಿಳಿಯುವ ಮಾತಾಗಿ ಮರಳಿ ಹೋಗಬೇಕು. ಪದ ಬಂತು ಎಂದು ನಾನು ಒಪ್ಪುವುದು ಆಗಲೇ.

1. ಪದವನ್ನು ಬಾಲದಿಂದ ಬಿಡಿಸಿ.
ಕೊನೆಯ ತುಂಡು ಏನಾಗಿದೆ ಎಂದು ಹೇಳುತ್ತದೆ, ಮೊದಲ ತುಂಡು ಎಲ್ಲಿ ಎಂದು. ‘ಐಟಿಸ್’ ಬಂದರೆ ಉರಿಯೂತ, ‘ಆಲ್ಜಿಯ’ ನೋವು, ‘ರಿಯ’ ಸೋರುವಿಕೆ, ‘ಮೆಟ್ರಿ’ ಅಳತೆ, ‘ಸ್ಕೋಪ್’ ನೋಡುವ ಉಪಕರಣ, ‘ಪ್ಲಾಸ್ಟಿ’ ಸರಿಪಡಿಸುವ ಶಸ್ತ್ರಚಿಕಿತ್ಸೆ. ಇನ್ನು ತಲೆಯ ಕಡೆ: ‘ಬ್ಲೆಫರ್’ ರೆಪ್ಪೆ, ‘ಕೆರಾಟ್’ ಕಾರ್ನಿಯಾ, ‘ಡಾಕ್ರಿ’ ಕಣ್ಣೀರು, ‘ಓಟ್’ ಕಿವಿ, ‘ಮಿರಿಂಗ್’ ಕಿವಿತಮಟೆ. ಈಗ ಡಾಕ್ರಿಯೊಸಿಸ್ಟೈಟಿಸ್ ಬಿಡಿಸಿ ನೋಡಿ: ಕಣ್ಣೀರು, ಚೀಲ, ಉರಿಯೂತ. ಹೈಸ್ಕೂಲಿನಲ್ಲಿ ಸಂಧಿ ಬಿಡಿಸಲು ಕಲಿತವರಿಗೆ ಇದೇನು ಹೊಸ ವಿದ್ಯೆಯಲ್ಲ. ಇಂಥ ಇಪ್ಪತ್ತು ಮೂವತ್ತು ತುಂಡುಗಳು ಕೈವಶವಾದರೆ ನೋಡಿರದ ಪದವೂ ಅರ್ಥ ಬಿಟ್ಟುಕೊಡುತ್ತದೆ.

2. ಬಲ ಎಂದರೆ ರೋಗಿಯ ಬಲ.
ಎದುರು ಕೂತಾಗ ಅದು ನಿಮ್ಮ ಎಡಗೈ ಕಡೆ ಇರುತ್ತದೆ. ಬರೆಯುವ ಮುಂಚೆ ಪ್ರತಿ ಸಲ ಇದನ್ನು ನೆನೆಯಿರಿ.

3. ಎರಡಕ್ಷರದ ಸಂಕ್ಷೇಪವನ್ನು ನಂಬಬೇಡಿ.
ಹಳೆಯ ಲ್ಯಾಟಿನ್ ರೂಢಿಯಲ್ಲಿ ‘ಓ.ಡಿ.’ ಬಲಗಣ್ಣು, ‘ಓ.ಎಸ್.’ ಎಡಗಣ್ಣು, ‘ಓ.ಯು.’ ಎರಡೂ ಕಣ್ಣು. ಕಿವಿಗೆ ‘ಎ.ಡಿ.’, ‘ಎ.ಎಸ್.’, ‘ಎ.ಯು.’ ಎಂದು ಬರೆಯುತ್ತಿದ್ದರು. ಪುಸ್ತಕದಲ್ಲಿ ಇವು ಸಿಗುತ್ತವೆ, ಪರೀಕ್ಷೆಯಲ್ಲಿ ಕೇಳುತ್ತಾರೆ, ಹಾಗಾಗಿ ಕಲಿಯಲೇಬೇಕು. ಆದರೆ ನಮ್ಮ ಔಷಧ ಚೀಟಿಗಳಲ್ಲಿ ‘ಓ.ಡಿ.’ ಎಂದರೆ ದಿನಕ್ಕೊಮ್ಮೆ ಎಂದೂ ಆಗುತ್ತದೆ. ಅವಸರದ ಕೈಬರಹದಲ್ಲಿ ಇಂಗ್ಲಿಷಿನ ‘ಓ’ ಮತ್ತು ‘ಎ’ ಒಂದೇ ಥರ ಕಂಡರೆ ಕಿವಿಯ ಹನಿ ಕಣ್ಣಿಗೆ ಬೀಳಬಹುದು. ಕನ್ನಡ ಕಿವಿಗೆ ‘ಎ.ಡಿ.’ ಎಂದರೆ ‘ಎಡ’ ಎಂದು ಕೇಳಿಸುವ ಅಪಾಯವೂ ಉಂಟು, ಅದರ ಅರ್ಥ ಬಲಗಿವಿ! ಔಷಧ ಸುರಕ್ಷತೆಗಾಗಿ ದುಡಿಯುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆ ಈ ಆರೂ ಸಂಕ್ಷೇಪಗಳನ್ನು ತಪ್ಪಿಗೆ ದಾರಿಮಾಡುವವುಗಳ ಪಟ್ಟಿಯಲ್ಲಿಟ್ಟಿದೆ. ನೀವು ಬರೆಯುವಾಗ ‘ಬಲಗಣ್ಣು’, ‘ದಿನಕ್ಕೆ ಒಮ್ಮೆ’ ಎಂದು ಪೂರ್ತಿ ಬರೆಯಿರಿ. ಬೇರೆಯವರು ಬರೆದದ್ದು ಅನುಮಾನ ಹುಟ್ಟಿಸಿದರೆ ಡಾಕ್ಟರನ್ನು ಕೇಳಿಯೇ ಹನಿ ಹಾಕಿ.

4. ದೃಷ್ಟಿಯ ಅಂಕಿಯನ್ನು ವಾಕ್ಯವಾಗಿ ಓದಿ.
ನೆದರ್ಲೆಂಡ್ಸಿನ ಹರ್ಮನ್ ಸ್ನೆಲೆನ್ 1862ರಲ್ಲಿ ದೃಷ್ಟಿ ಅಳೆಯುವ ಅಕ್ಷರಗಳ ಫಲಕ ರೂಪಿಸಿದರು. 6/60 ಎಂದು ಕಂಡರೆ ಮನಸ್ಸಿನಲ್ಲಿ ಹೀಗೆ ಓದಿಕೊಳ್ಳಿ: ದೃಷ್ಟಿ ಚೆನ್ನಾಗಿರುವವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಇವರು 6 ಮೀಟರಿಗೆ ಬಂದರೆ ಮಾತ್ರ ಗುರುತಿಸುತ್ತಾರೆ. 6/12 ಎಂದರೆ ಅರ್ಧ ದೃಷ್ಟಿ ಹೋಯಿತು ಎಂದಲ್ಲ, ರೋಗಿಗೆ ಹಾಗೆ ಹೇಳಿ ಗಾಬರಿ ಹುಟ್ಟಿಸಬೇಡಿ. 20/20 ಎಂಬುದು 6/6ರ ಅಡಿ ಲೆಕ್ಕ. ಫಲಕದ ದೊಡ್ಡ ಅಕ್ಷರವೂ ಕಾಣದಿದ್ದರೆ ಬೆರಳೆಣಿಕೆ, ಅದೂ ಆಗದಿದ್ದರೆ ಕೈಯ ಅಲುಗಾಟ, ಕೊನೆಗೆ ಬೆಳಕಿನ ಅರಿವು (ಪಿಎಲ್). ‘ಪಿಎಲ್ ನೆಗೆಟಿವ್’ ಎಂದರೆ ಬೆಳಕೂ ತಿಳಿಯುತ್ತಿಲ್ಲ. ನಮ್ಮ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 2017ರಲ್ಲಿ ಅಂಧತ್ವದ ಗಡಿಯನ್ನು 6/60ರಿಂದ 3/60ಕ್ಕೆ ಬದಲಿಸಿತು. ಹಳೆಯ ಗೈಡು ಓದುತ್ತಿದ್ದರೆ ಈ ಜಾಗ ತಿದ್ದಿಕೊಳ್ಳಿ.

5. ತಪಾಸಣೆಯ ನಾಲ್ಕು ಪದಗಳನ್ನು ಕೈಯಿಂದಲೇ ಕಲಿಯಿರಿ.
ಇನ್ಸ್‌ಪೆಕ್ಷನ್ ಎಂದರೆ ನೋಡುವುದು, ಪಾಲ್ಪೇಷನ್ ಮುಟ್ಟಿ ಒತ್ತಿ ನೋಡುವುದು, ಪರ್ಕಷನ್ ಬೆರಳಿನಿಂದ ತಟ್ಟುವುದು, ಆಸ್ಕಲ್ಟೇಷನ್ ಸ್ಟೆತಾಸ್ಕೋಪಿನಿಂದ ಆಲಿಸುವುದು. ತಟ್ಟುವ ವಿಧಾನವನ್ನು ವಿಯೆನ್ನಾದ ಔಯೆನ್‌ಬ್ರುಗರ್ 1761ರಲ್ಲಿ ಪ್ರಕಟಿಸಿದರು. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದ ಸುರುಳಿ ಸುತ್ತಿ ಎದೆಗಿಟ್ಟು ಕೇಳಿದ್ದರಿಂದ ಸ್ಟೆತಾಸ್ಕೋಪ್ ಹುಟ್ಟಿತು. ತಪಾಸಣೆಯ ಕ್ರಮವೂ ಈ ನಾಲ್ಕು ಪದಗಳದ್ದೇ, ಹೊಟ್ಟೆಯೊಂದನ್ನು ಬಿಟ್ಟು. ಹೊಟ್ಟೆಯಲ್ಲಿ ಮೊದಲು ನೋಡಿ, ಆಮೇಲೆ ಆಲಿಸಿ, ಕೈ ಹಾಕುವುದು ನಂತರ. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಅಂದಹಾಗೆ, ಪಾಲ್ಪೇಷನ್ ನೀವು ಮಾಡುವುದು, ಪಾಲ್ಪಿಟೇಷನ್ ಎಂದರೆ ರೋಗಿಗಾಗುವ ಎದೆಬಡಿತ.

6. ಕಿವಿಯೊಳಗೆ ನೋಡುವ ಮೊದಲು ವಯಸ್ಸು ಕೇಳಿ.
ಓಟೋಸ್ಕೋಪ್ ಹಿಡಿದಾಗ ದೊಡ್ಡವರ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಮೂರು ವರ್ಷದೊಳಗಿನ ಮಗುವಿನದನ್ನು ಕೆಳಕ್ಕೂ ಹಿಂದಕ್ಕೂ. ನಾಳ ನೇರವಾದರೆ ತಮಟೆ ಕಾಣುತ್ತದೆ.

7. ‘ಪಾಸಿಟಿವ್’ ಕಂಡ ಕೂಡಲೇ ಕಾಯಿಲೆ ಅಂದುಕೊಳ್ಳಬೇಡಿ.
512 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು, ಆಮೇಲೆ ಕಿವಿಯ ಮುಂದೆ ಹಿಡಿಯುವುದು ರಿನ್ನೆ ಪರೀಕ್ಷೆ. ಗಾಳಿಯಲ್ಲಿ ಹೆಚ್ಚು ಚೆನ್ನಾಗಿ ಕೇಳಿದರೆ ‘ರಿನ್ನೆ ಪಾಸಿಟಿವ್’, ಆರೋಗ್ಯವಂತ ಕಿವಿಯಲ್ಲಿ ಬರಬೇಕಾದದ್ದೂ ಅದೇ. ನರದ ದೋಷದಲ್ಲೂ ಹೀಗೆ ಬರುವುದರಿಂದ ಹಣೆಯ ಮಧ್ಯೆ ಫೋರ್ಕ್ ಇಡುವ ವೆಬರ್ ಪರೀಕ್ಷೆ ಜೊತೆಗಿರಬೇಕು. ಶಬ್ದ ಸಾಗುವ ದಾರಿಯಲ್ಲೇ ಅಡ್ಡಿಯಿದ್ದರೆ ಸದ್ದು ಕೆಟ್ಟ ಕಿವಿಯ ಕಡೆ ಜೋರಾಗಿ ಕೇಳುತ್ತದೆ, ನರದ ದೋಷವಿದ್ದರೆ ಒಳ್ಳೆಯ ಕಿವಿಯ ಕಡೆ. ಗುಗ್ಗೆ ತುಂಬಿದವರ ಕಿವಿಯಲ್ಲಿ ಒಮ್ಮೆ ನೀವೇ ಮಾಡಿ ನೋಡಿ, ಮತ್ತೆ ಮರೆಯುವುದಿಲ್ಲ.

8. ಅವಳಿ ಪದಗಳನ್ನು ಜೊತೆಯಲ್ಲೇ ಕಲಿಯಿರಿ.
ಮಯೋಸಿಸ್ ಎಂದರೆ ಕಣ್ಣಿನ ಪಾಪೆ ಕಿರಿದಾಗುವುದು, ಮಿಡ್ರಿಯಾಸಿಸ್ ಹಿಗ್ಗುವುದು. ಚಿಕ್ಕ ಪದಕ್ಕೆ ಚಿಕ್ಕ ಪಾಪೆ, ದೊಡ್ಡ ಪದಕ್ಕೆ ದೊಡ್ಡದು. ಹೊಲಕ್ಕೆ ಔಷಧಿ ಸಿಂಪಡಿಸಿ ಆರ್ಗ್ಯಾನೊಫಾಸ್ಫೇಟ್ ವಿಷ ಏರಿಸಿಕೊಂಡವರ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಈ ಎರಡು ಪದ ಅದಲುಬದಲಾದರೆ ಡಾಕ್ಟರಿಗೆ ಫೋನಿನಲ್ಲಿ ತಪ್ಪು ಸುದ್ದಿ ಹೋಗುತ್ತದೆ. ಟೋಸಿಸ್ ಎಂದರೆ ರೆಪ್ಪೆ ಇಳಿಬೀಳುವುದು, ಪ್ರಾಪ್ಟೋಸಿಸ್ ಎಂದರೆ ಕಣ್ಣುಗುಡ್ಡೆ ಮುಂದೆ ಬರುವುದು.

9. ರೋಗಿಯ ಕನ್ನಡವನ್ನೂ ಪಾಠದಷ್ಟೇ ಶ್ರದ್ಧೆಯಿಂದ ಕಲಿಯಿರಿ.
ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ‘ತಲೆ ಸುತ್ತುತ್ತೆ’ ಎಂದ ಕೂಡಲೇ ‘ವರ್ಟಿಗೊ’ ಎಂದು ಗೀಚಬೇಡಿ. ‘ಕೋಣೆಯೇ ಗಿರಗಿರ ತಿರುಗಿದ ಹಾಗಾಗುತ್ತಾ, ಇಲ್ಲ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ?’ ಎಂದು ಕೇಳಿ. ಮೊದಲನೆಯದು ಒಳಗಿವಿಯ ಕಡೆ ಬೆರಳು ತೋರಿಸಬಹುದು, ಎರಡನೆಯದು ರಕ್ತದೊತ್ತಡದ ಕಡೆ. ‘ಕಿವಿ ಗುಂಯ್ ಅನ್ನುತ್ತೆ’ ಎಂದರೆ ಟಿನ್ನಿಟಸ್, ‘ಕಿವಿ ಸೋರುತ್ತೆ’ ಎಂದರೆ ಓಟೊರಿಯ. ‘ಚಾಳೀಸು’ ಎಂದರೆ ಪ್ರೆಸ್ಬಯೋಪಿಯ. ಹುಬ್ಬಳ್ಳಿ ಕಡೆಯ ಅಜ್ಜಿ ‘ಕಣ್ಣು ಬಂದಾವ’ ಎಂದರೂ ಬೆಂಗಳೂರಿನ ಹುಡುಗ ‘ಮದ್ರಾಸ್ ಐ’ ಎಂದರೂ ಅದು ಕಂಜಂಕ್ಟಿವೈಟಿಸ್. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ರೋಗಿಯ ಮಾತು, ಬಲಗಡೆ ಪುಸ್ತಕದ ಪದ ಬರೆಯುತ್ತಾ ಹೋಗಿ.

ರೋಗಿಗೆ ಹಿಂತಿರುಗಿ ಹೇಳುವಾಗ ಇನ್ನೂ ಎಚ್ಚರ ಬೇಕು. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಸ್ತ್ರಚಿಕಿತ್ಸಾ ಶಿಬಿರಗಳನ್ನು ಕಂಡ ನಾಡಿದು, ಇಲ್ಲಿ ‘ಪೊರೆ’ ಹಳ್ಳಿಗೂ ಗೊತ್ತು. ಆದರೆ ಗ್ಲೊಕೋಮಾವನ್ನೂ ಪೊರೆ ಎಂದುಕೊಂಡು ‘ಬಲಿಯಲಿ, ಆಮೇಲೆ ತೆಗೆಸೋಣ’ ಎಂದು ಕಾಯುವವರಿದ್ದಾರೆ. ಪೊರೆಯಿಂದ ಮಂಜಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಮರಳುತ್ತದೆ. ಗ್ಲೊಕೋಮಾದಲ್ಲಿ ಹಾಳಾಗುವುದು ಕಣ್ಣಿನ ನರ, ಅಲ್ಲಿ ಹೋದದ್ದು ಬರುವುದಿಲ್ಲ. ‘ಅಮ್ಮಾ, ಇದು ಪೊರೆ ಅಲ್ಲ, ಹನಿ ನಿಲ್ಲಿಸಬೇಡಿ’ ಎಂದು ಬಿಡಿಸಿ ಹೇಳಿ.

10. ನೋಡಿದ್ದನ್ನಷ್ಟೇ ಬರೆಯಿರಿ.
‘ಪರ್ಲಾ’ ಎಂಬ ಸಂಕ್ಷೇಪವನ್ನು ಎಲ್ಲರೂ ಬರೆಯುತ್ತಾರೆ: ಪಾಪೆಗಳು ಸಮ, ದುಂಡಗೆ, ಬೆಳಕಿಗೂ ಹತ್ತಿರದ ನೋಟಕ್ಕೂ ಸ್ಪಂದಿಸುತ್ತವೆ ಎಂದು ಅರ್ಥ. ಟಾರ್ಚ್ ಬಿಟ್ಟು ನೋಡಿದಿರಿ, ಆದರೆ ಬೆರಳನ್ನು ಮೂಗಿನ ಹತ್ತಿರ ತಂದು ಪರೀಕ್ಷಿಸಲಿಲ್ಲ ಎಂದಾದರೆ ಕೊನೆಯ ‘ಎ’ ಅಕ್ಷರವನ್ನು ಬಿಟ್ಟು ಬರೆಯಿರಿ.