ಆಟದ ಪೆಟ್ಟಿಗೆ ಮತ್ತು ಕಂಪ್ಯೂಟರ್: ಚಿತ್ರ ಬಿಡಿಸುವುದರಲ್ಲಿ ಯಾರು ಮುಂದು?

ಒಂದು ಹಳೆಯ ಲಗ್ನಪತ್ರಿಕೆ, ಉದ್ದನೆಯ ಕಾಗದದ ಪಟ್ಟಿ, ಕತ್ತರಿ, ಪೆನ್ಸಿಲ್, ರಬ್ಬರ್ – ಇಷ್ಟನ್ನು ಹೊಂದಿಸಿಕೊಳ್ಳಿ. ಲಗ್ನಪತ್ರಿಕೆಯ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಕಿಟಕಿಯೊಂದನ್ನು ಕತ್ತರಿಸಿ. ಕಾಗದದ ಪಟ್ಟಿಯ ಮೇಲೆ ಸಾಲಾಗಿ ಒಂದು ಮರ, ಗುಡಿಸಲು, ಬಾವಿ, ಇನ್ನೊಂದು ಮರ, ಬೆಟ್ಟ ಇವುಗಳ ಚಿತ್ರ ಬರೆಯಿರಿ. ಈಗ ಪಟ್ಟಿಯನ್ನು ಕಿಟಕಿಯ ಹಿಂದೆ ಇಟ್ಟು ಮೆಲ್ಲಗೆ ಎಡಕ್ಕೆ ಎಳೆಯಿರಿ. ಓಡುವ ಬಸ್ಸಿನಿಂದ ನೋಡಿದಂತೆ ಮರ, ಗುಡಿಸಲುಗಳು ಹಿಂದೆ ಸರಿಯುವುದು ಕಾಣುತ್ತದೆ, ಅಲ್ಲವೇ?

ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿ. ಕಿಟಕಿಯ ಹಿಂದೆ ಒಂದು ಖಾಲಿ ಕಾಗದವನ್ನು ಅಂಟಿಸಿಬಿಡಿ. ಅದು ಜರುಗಬಾರದು. ಅದರ ಮೇಲೆ ಮರವನ್ನು ಬರೆಯಿರಿ. ಅಳಿಸಿ, ಒಂದು ಕೂದಲೆಳೆಯಷ್ಟು ಎಡಕ್ಕೆ ಮತ್ತೆ ಬರೆಯಿರಿ. ಮತ್ತೆ ಅಳಿಸಿ, ಮತ್ತೆ ಬರೆಯಿರಿ. ಮರವು ಕಿಟಕಿಯಿಂದ ಆಚೆ ಹೋಗುವಷ್ಟರಲ್ಲಿ ರಬ್ಬರ್ ಸವೆದು ಹೋಗಿರುತ್ತದೆ, ಕಾಗದವೂ ಹರಿದಿರುತ್ತದೆ!

ಮೊದಲನೆಯದು ಆಟದ ಪೆಟ್ಟಿಗೆಯ ದಾರಿ. ಎರಡನೆಯದು, 1990ರ ಹೊತ್ತಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಯ ಕಂಪ್ಯೂಟರಿನ ದಾರಿ.

ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗೆ ಗೇಮ್ ಕನ್ಸೋಲ್ ಎನ್ನುತ್ತಾರೆ. ಅದು ಕೂಡ ಒಂದು ಕಂಪ್ಯೂಟರೇ. ಆದರೆ ಆಟಕ್ಕೆಂದೇ ಮೀಸಲಾದದ್ದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಕನ್ಸೋಲನ್ನು ಹೊರತಂದಿತು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾಗುತ್ತಿದ್ದ ಅನೇಕ ಪೆಟ್ಟಿಗೆಗಳು ಇದರ ನಕಲುಗಳೇ. ಮೀಸೆಯ ಮಾರಿಯೊ ಓಡುತ್ತ, ಹಾರುತ್ತ ಹೋಗುವ ಆಟವನ್ನು ನಿಮ್ಮ ಚಿಕ್ಕಪ್ಪನೋ ಸೋದರಮಾವನೋ ಆಡಿರಬಹುದು. ಕೇಳಿ ನೋಡಿ.

960 ಬಿಲ್ಲೆಗಳ ಪರದೆ

ಪರದೆಯ ಮೇಲಿನ ಚಿತ್ರವೆಲ್ಲ ಚುಕ್ಕಿಗಳಿಂದ ಆದದ್ದು. ಈ ಚುಕ್ಕಿಗಳಿಗೆ ಪಿಕ್ಸೆಲ್ ಎಂದು ಹೆಸರು. ಫ್ಯಾಮಿಕಾಮ್ ಚಿತ್ರದಲ್ಲಿ ಅಡ್ಡಲಾಗಿ 256, ಮೇಲಿನಿಂದ ಕೆಳಕ್ಕೆ 240 ಚುಕ್ಕಿಗಳಿದ್ದವು. ಗುಣಿಸಿದರೆ 61,440. ಇಷ್ಟನ್ನೂ ಸೆಕೆಂಡಿಗೆ ಸುಮಾರು 60 ಸಲ ಟಿವಿಗೆ ಕಳುಹಿಸಬೇಕು. ಆದರೆ ಅದರ ಮುಖ್ಯ ಸಂಸ್ಕಾರಕ, ಅಂದರೆ ಲೆಕ್ಕ ಮಾಡುವ ಚಿಪ್, ಸೆಕೆಂಡಿಗೆ ಸುಮಾರು 18 ಲಕ್ಷ ಸಲ ಮಾತ್ರ ಮಿಡಿಯುತ್ತಿತ್ತು. ಒಂದೊಂದು ಚುಕ್ಕಿಯ ಬಣ್ಣವನ್ನೂ ಅದೇ ನಿರ್ಧರಿಸಬೇಕಾಗಿದ್ದರೆ ಅದರ ಕೈಲಿ ಸಾಧ್ಯವೇ ಇರಲಿಲ್ಲ.

ಅದಕ್ಕಾಗಿ ಪೆಟ್ಟಿಗೆಯೊಳಗೆ ಚಿತ್ರಕ್ಕೆಂದೇ ಇನ್ನೊಂದು ಚಿಪ್ ಇತ್ತು. ಅದನ್ನು ಚಿತ್ರ ಸಂಸ್ಕಾರಕ ಎನ್ನೋಣ. ಇದರ ಉಪಾಯ ಸೊಗಸಾಗಿದೆ. ಮನೆಯ ನೆಲಕ್ಕೆ ಟೈಲ್ಸ್ ಹಾಕುವುದನ್ನು ನೋಡಿದ್ದೀರಲ್ಲ? ಹಾಗೆಯೇ ಪರದೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಾಗಿ ಹಂಚಲಾಗಿತ್ತು. ಅಡ್ಡಲಾಗಿ 32, ಕೆಳಕ್ಕೆ 30. ಒಟ್ಟು 960 ಬಿಲ್ಲೆಗಳು. ಇಟ್ಟಿಗೆ, ಮೋಡ, ಹುಲ್ಲು ಇವುಗಳ ಆಕಾರವೆಲ್ಲ ಆಟದ ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಮೊದಲೇ ಬರೆದಿರುತ್ತಿತ್ತು. ಯಾವ ಜಾಗದಲ್ಲಿ ಯಾವ ಸಂಖ್ಯೆಯ ಬಿಲ್ಲೆ ಎಂದು ಹೇಳಿದರೆ ಸಾಕು, ಚುಕ್ಕಿಗಳನ್ನು ಇಡುವ ಕೆಲಸ ಚಿತ್ರ ಸಂಸ್ಕಾರಕದ್ದು. 61,440 ಚುಕ್ಕಿಗಳ ಚಿಂತೆ 960 ಸಂಖ್ಯೆಗಳಿಗೆ ಇಳಿಯಿತು!

ಇನ್ನು ಚಿತ್ರ ಸರಿಯುವುದು. ಬಿಲ್ಲೆಗಳ ಪಟ್ಟಿಯನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂಬ ಒಂದೇ ಒಂದು ಸಂಖ್ಯೆಯನ್ನು ಬದಲಿಸಿದರೆ ಇಡೀ ದೃಶ್ಯ ಒಂದು ಚುಕ್ಕಿಯಷ್ಟು ಜರುಗುತ್ತಿತ್ತು. ನೀವು ಕಾಗದದ ಪಟ್ಟಿ ಎಳೆದಿರಲ್ಲ, ಅದೇ ಇದು. ಅಂಚಿನಲ್ಲಿ ಹೊಸದಾಗಿ ಕಾಣಬರುವ ಬಿಲ್ಲೆಗಳನ್ನಷ್ಟೇ ಆಗಾಗ ತುಂಬಿಸುತ್ತ ಹೋದರಾಯಿತು.

ಆದರೆ ಈ ಜಾಣ ಚಿಪ್ಪಿಗೂ ಒಂದು ಕೊರತೆಯಿತ್ತು. ಮಾರಿಯೊ, ಆಮೆ, ಗುಂಡು ಮುಂತಾದ ಓಡಾಡುವ ಬೊಂಬೆಗಳ ತುಣುಕುಗಳನ್ನು ಒಂದು ಅಡ್ಡಗೆರೆಯ ಮೇಲೆ 8ಕ್ಕಿಂತ ಹೆಚ್ಚು ತೋರಿಸಲು ಅದಕ್ಕೆ ಆಗುತ್ತಿರಲಿಲ್ಲ. ಒಂಬತ್ತನೆಯದು ಮಾಯವಾಗುತ್ತಿತ್ತು! ಆಟ ಬರೆಯುವವರು ಇದಕ್ಕೂ ಉಪಾಯ ಹುಡುಕಿದರು. ಒಂದು ಚಿತ್ರದಲ್ಲಿ ಒಂದನ್ನು, ಮುಂದಿನ ಚಿತ್ರದಲ್ಲಿ ಇನ್ನೊಂದನ್ನು ಮರೆಮಾಡಿದರು. ಹಾಗಾಗಿ ವೈರಿಗಳು ಗುಂಪಾಗಿ ಬಂದಾಗ ಮಿನುಗುತ್ತಿದ್ದರು. 

ಒಂದು ರಾತ್ರಿಯ ಕೆಲಸ

ಈಗ ಕಂಪ್ಯೂಟರಿನ ಕಡೆ ನೋಡೋಣ. 1990ರ ಒಳ್ಳೆಯ ಕಂಪ್ಯೂಟರಿನ ಸಂಸ್ಕಾರಕ ಸೆಕೆಂಡಿಗೆ 1 ಕೋಟಿ 60 ಲಕ್ಷಕ್ಕಿಂತ ಹೆಚ್ಚು ಸಲ ಮಿಡಿಯುತ್ತಿತ್ತು. ಫ್ಯಾಮಿಕಾಮಿಗೆ ಹೋಲಿಸಿದರೆ ಸುಮಾರು ಒಂಬತ್ತು ಪಟ್ಟು. ಆದರೂ ಮಾರಿಯೊ ಓಡಿದಂತೆ ಅದರಲ್ಲಿ ಯಾವ ಬೊಂಬೆಯೂ ನುಣುಪಾಗಿ ಓಡುತ್ತಿರಲಿಲ್ಲ. ಏಕೆ? ಅದನ್ನು ಕಚೇರಿಯ ಪತ್ರ, ಲೆಕ್ಕ ಇವುಗಳಿಗಾಗಿ ಮಾಡಿದ್ದರು. ಅದರಲ್ಲಿ ಬಿಲ್ಲೆ ಜೋಡಿಸುವ ಚಿಪ್ ಇರಲಿಲ್ಲ. 320 ಚುಕ್ಕಿ ಅಗಲ, 200 ಚುಕ್ಕಿ ಎತ್ತರದ 16 ಬಣ್ಣಗಳ ಪರದೆಗೆ 32,000 ಬೈಟ್ ಮಾಹಿತಿ ಬೇಕು. ಚಿತ್ರ ಸ್ವಲ್ಪವೇ ಜರುಗಿದರೂ ಅಷ್ಟನ್ನೂ ಮುಖ್ಯ ಸಂಸ್ಕಾರಕವೇ ಹೊತ್ತು ಹಾಕಬೇಕಿತ್ತು. ರಬ್ಬರ್ ಹಿಡಿದ ನಿಮ್ಮ ಪಾಡೇ ಅದರದೂ!

ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರಿನಲ್ಲಿ ಜಾನ್ ಕಾರ್ಮ್ಯಾಕ್ ಎಂಬ ಯುವಕ ಆಟಗಳನ್ನು ಬರೆಯುವ ಕೆಲಸದಲ್ಲಿದ್ದ. ಆಗ ಅವನಿಗೆ 20 ವರ್ಷ. ಅವನು ಒಂದು ವಿಷಯವನ್ನು ಗಮನಿಸಿದ. ಚಿತ್ರದ ಬಹುಭಾಗ ಬರೀ ಆಕಾಶ. ಆಕಾಶದ ಜಾಗಕ್ಕೆ ಮತ್ತೆ ಆಕಾಶವೇ ಬರುವುದಾದರೆ ಅಳಿಸಿ ಬರೆಯುವುದೇಕೆ?

ನೀವೂ ಪರೀಕ್ಷಿಸಿ. ಚೌಕುಳಿ ಹಾಳೆಯಲ್ಲಿ ಒಂದು ಸಾಲಿನ ಹತ್ತು ಚೌಕಗಳನ್ನು ಹೀಗೆ ತುಂಬಿ. ಆ ಎಂದರೆ ಆಕಾಶ, ಮೋ ಎಂದರೆ ಮೋಡ, ಗಿ ಎಂದರೆ ಗಿಡ.

ಆ ಆ ಆ ಮೋ ಆ ಆ ಗಿ ಗಿ ಆ ಆ

ದೃಶ್ಯ ಒಂದು ಚೌಕ ಎಡಕ್ಕೆ ಸರಿಯಿತು, ಬಲಗಡೆಯಿಂದ ಇನ್ನೊಂದು ಆಕಾಶ ಬಂತು ಎನ್ನೋಣ. ಅದನ್ನು ಕೆಳಗಿನ ಸಾಲಿನಲ್ಲಿ ಬರೆಯಿರಿ.

ಆ ಆ ಮೋ ಆ ಆ ಗಿ ಗಿ ಆ ಆ ಆ

ಮೇಲೆ ಕೆಳಗೆ ಹೋಲಿಸಿ. 3, 4, 6 ಮತ್ತು 8ನೆಯ ಚೌಕಗಳು ಮಾತ್ರ ಬದಲಾಗಿವೆ. ಹತ್ತರಲ್ಲಿ ನಾಲ್ಕೇ! ಉಳಿದ ಆರನ್ನು ಮುಟ್ಟಬೇಕಾಗಿಯೇ ಇಲ್ಲ. ಒಂದು ಚೌಕದೊಳಗಿನ ಸಣ್ಣ ಸಣ್ಣ ಜರುಗುವಿಕೆಗೆ ಕಾರ್ಮ್ಯಾಕ್ ಕಂಪ್ಯೂಟರಿನ ಚಿತ್ರ ಕಾರ್ಡಿನಲ್ಲಿಯೇ ಇದ್ದ, ಹೆಚ್ಚಿನವರು ಬಳಸದಿದ್ದ ಒಂದು ಸೌಲಭ್ಯವನ್ನು ಹಿಡಿದುಕೊಂಡ.

1990ರ ಸೆಪ್ಟೆಂಬರಿನ ಒಂದು ರಾತ್ರಿ ಅವನೂ ಅವನ ಗೆಳೆಯ ಟಾಮ್ ಹಾಲ್‌ನೂ ಕುಳಿತು ಆಗಿನ ಹೊಸ ಮಾರಿಯೊ ಆಟದ ಮೊದಲ ಹಂತವನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿದರು. ಬೆಳಿಗ್ಗೆ ಬಂದ ಅವರ ಗೆಳೆಯ ಜಾನ್ ರೊಮೆರೊ ಅದನ್ನು ಕಂಡು ದಂಗಾದ. ನಿಂಟೆಂಡೊ ಕಂಪನಿಗೂ ಇಂಥದೊಂದು ಮಾದರಿಯನ್ನು ಕಳುಹಿಸಿದರು. ಅವರು ತಮ್ಮ ಆಟವನ್ನು ಕಂಪ್ಯೂಟರಿಗೆ ಕೊಡಲು ಒಪ್ಪಲಿಲ್ಲ. ಆದರೇನಂತೆ? ಗೆಳೆಯರು ತಮ್ಮದೇ ಕಥೆ ಹೆಣೆದು ‘ಕಮಾಂಡರ್ ಕೀನ್’ ಎಂಬ ಆಟವನ್ನು ಅದೇ ಡಿಸೆಂಬರಿನಲ್ಲಿ ಹೊರತಂದರು.

ಇದೇ ಗೆಳೆಯರು ಮೂರು ವರ್ಷಗಳ ಬಳಿಕ ಕನ್ಸೋಲುಗಳಿಗೆ ನೀರಿಳಿಸಿದರು. 1993ರ ಡಿಸೆಂಬರಿನಲ್ಲಿ ಬಂದ ಅವರ ‘ಡೂಮ್’ ಆಟದಲ್ಲಿ ಆಡುವವನು ಕಟ್ಟಡದೊಳಗೆ ನಡೆಯುತ್ತಾನೆ. ಹತ್ತಿರ ಹೋದಂತೆ ಗೋಡೆ ದೊಡ್ಡದಾಗುತ್ತದೆ. ಇಲ್ಲಿ ಪ್ರತಿ ಹೆಜ್ಜೆಗೂ ಎಲ್ಲವೂ ಬದಲಾಗುತ್ತದೆ, ಮೊದಲೇ ಬರೆದಿಟ್ಟ ಬಿಲ್ಲೆ ಉಪಯೋಗಕ್ಕೆ ಬಾರದು. ಲೆಕ್ಕ ಮಾಡುವ ಬಲವೇ ಬೇಕು. ಆ ಬಲ ಕಂಪ್ಯೂಟರಿಗಿತ್ತು. ಬಿಲ್ಲೆ ಜೋಡಿಸುವ ಕನ್ಸೋಲಿಗೆ ಇದೇ ಆಟ 1995ರಲ್ಲಿ ಬಂದಾಗ ಕ್ಯಾಸೆಟ್ಟಿನೊಳಗೇ ಇನ್ನೊಂದು ಸಂಸ್ಕಾರಕವನ್ನು ಇಡಬೇಕಾಯಿತು!

ತ್ರಿಕೋನಗಳ ಕಾಲ

ಅಲ್ಲಿಂದ ಮುಂದೆ ಒಮ್ಮೆ ಇವರು ಮುಂದೆ, ಒಮ್ಮೆ ಅವರು. ಗಿಡ, ಮನುಷ್ಯ, ಕಾರು ಎಲ್ಲವನ್ನೂ ಸಣ್ಣ ಸಣ್ಣ ತ್ರಿಕೋನಗಳಿಂದ ಕಟ್ಟಿ ಬಣ್ಣ ಹಚ್ಚುವ ಪದ್ಧತಿ ಬಂತು. ಇದಕ್ಕೆಂದೇ ಸಿದ್ಧವಾದ ಸೋನಿ ಕಂಪನಿಯ ಪ್ಲೇಸ್ಟೇಷನ್ 1994ರಲ್ಲಿ ಜಪಾನಿನಲ್ಲಿ ಬಂತು. ಕಂಪ್ಯೂಟರಿಗೆ ಜೋಡಿಸುವ ವೂಡೂ ಎಂಬ ಪ್ರಸಿದ್ಧ ಕಾರ್ಡು ಬಂದದ್ದು 1996ರಲ್ಲಿ. 2001ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಬಂದಾಗ ಅದರೊಳಗೆ ಇದ್ದುದು ಕಂಪ್ಯೂಟರಿನ ಪೆಂಟಿಯಂ ವಂಶದ ಸಂಸ್ಕಾರಕ, ಕಂಪ್ಯೂಟರಿನ ಕಾರ್ಡುಗಳನ್ನು ಮಾಡುತ್ತಿದ್ದ ಎನ್‌ವಿಡಿಯಾದ ಚಿತ್ರ ಚಿಪ್. ಎರಡೂ ಒಂದೇ ಮನೆಯ ಮಕ್ಕಳಂತಾದವು.

2013ರ ನಂತರದ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳ ಮುಖ್ಯ ಚಿಪ್ ಎಎಂಡಿ ಕಂಪನಿಯ ವಿನ್ಯಾಸ. ಕಂಪ್ಯೂಟರುಗಳಿಗೂ ಅದೇ ಕಂಪನಿ ಚಿಪ್ ಮಾಡುತ್ತದೆ. ಈ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ!

ಹಾಗಾದರೆ ಈಗ ವ್ಯತ್ಯಾಸವೇನು?

ಒಂದು ದೊಡ್ಡ ವ್ಯತ್ಯಾಸ ಉಗ್ರಾಣದ್ದು. ಮುಖ್ಯ ಸಂಸ್ಕಾರಕ, ಚಿತ್ರ ಸಂಸ್ಕಾರಕ ಇಬ್ಬರು ಅಡುಗೆಯವರು ಎಂದುಕೊಳ್ಳಿ. 2020ರ ಪ್ಲೇಸ್ಟೇಷನ್ 5ರಲ್ಲಿ ಇಬ್ಬರಿಗೂ ಸೇರಿ ಒಂದೇ ಉಗ್ರಾಣ, 16 ಗಿಗಾಬೈಟ್ ಮೆಮೊರಿ. ಅದರಿಂದ ಸೆಕೆಂಡಿಗೆ 448 ಗಿಗಾಬೈಟ್ ವೇಗದಲ್ಲಿ ಮಾಹಿತಿ ಬರಬಲ್ಲದು. ಒಬ್ಬರು ಹೆಚ್ಚಿಟ್ಟ ತರಕಾರಿಯನ್ನು ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಳ್ಳಬಹುದು. ಇಬ್ಬರೂ ಒಟ್ಟಿಗೆ ಕೈ ಹಾಕಿದರೆ ತುಸು ನೂಕುನುಗ್ಗಲು ಆಗುತ್ತದೆ, ಅಷ್ಟೇ. ಆಟದ ಕಂಪ್ಯೂಟರಿನಲ್ಲಿಯಾದರೋ ಸಾಮಾನ್ಯವಾಗಿ ಇಬ್ಬರಿಗೂ ಬೇರೆ ಬೇರೆ ಉಗ್ರಾಣ. ಒಂದರಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವ ದಾರಿ ಕಿರಿದು. 2020ರ ಹೊತ್ತಿನ ಒಳ್ಳೆಯ ಕಂಪ್ಯೂಟರುಗಳಲ್ಲಿ ಆ ದಾರಿಯ ವೇಗ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಗಿಗಾಬೈಟ್. 448ರ ಮುಂದೆ ಇದು ಓಣಿಯಂತೆ.

ಆದರೆ ಕಂಪ್ಯೂಟರಿನ ಕಾರ್ಡನ್ನು ಬದಲಿಸಬಹುದು. ಕನ್ಸೋಲಿನ ಚಿಪ್ ಬದಲಿಸಲಾಗದು. ಪ್ಲೇಸ್ಟೇಷನ್ 5ರ ಚಿತ್ರ ಸಂಸ್ಕಾರಕ ಸೆಕೆಂಡಿಗೆ ಸುಮಾರು 10 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು. (ಸೊನ್ನೆಗಳನ್ನು ಬರೆದು ನೋಡಿ, 10ರ ಮುಂದೆ ಇನ್ನೂ 12 ಸೊನ್ನೆ!) 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಎಂಬ ಕಂಪ್ಯೂಟರ್ ಕಾರ್ಡು 82 ಲಕ್ಷ ಕೋಟಿ ಮಾಡುತ್ತದೆ. ಎಂಟು ಪಟ್ಟು! ಆದರೆ ಎರಡು ಬೇರೆ ಕಂಪನಿಗಳ ಚಿಪ್ಪುಗಳನ್ನು ಈ ಒಂದೇ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಎಂಟು ಪಟ್ಟು ಲೆಕ್ಕಕ್ಕೆ ಎಂಟು ಪಟ್ಟು ಚೆಂದದ ಚಿತ್ರವೂ ಸಿಗದು. ಬೆಲೆಯನ್ನೂ ನೋಡಬೇಕಲ್ಲ? ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಬಂದಾಗ ಅಮೆರಿಕದಲ್ಲಿ ಅದರ ಬೆಲೆ 499 ಡಾಲರ್. ಆ ಕಾರ್ಡೊಂದರ ಬೆಲೆಯೇ ಅದು ಬಂದಾಗ 1,599 ಡಾಲರ್ ಇತ್ತು. ಅದನ್ನು ಹಾಕಲು ಕಂಪ್ಯೂಟರ್ ಬೇರೆ ಬೇಕು! ಆ ಕಾರ್ಡು 450 ವ್ಯಾಟ್‌ವರೆಗೆ ವಿದ್ಯುತ್ ಕುಡಿಯುತ್ತದೆ. ಎಂದರೆ 9 ವ್ಯಾಟಿನ 50 ಎಲ್‌ಇಡಿ ಬಲ್ಬುಗಳಷ್ಟು. ಪ್ಲೇಸ್ಟೇಷನ್ 5 ಇಡಿಯಾಗಿ ಬಳಸುವುದು ಆಟದ ವೇಳೆ ಸುಮಾರು 200 ವ್ಯಾಟ್.

ಕಡಿಮೆ ಬಲದ ಪೆಟ್ಟಿಗೆ ಹೇಗೆ ನಿಭಾಯಿಸುತ್ತದೆ? ಇಲ್ಲಿ ಸಮಯದ ಲೆಕ್ಕ ಬರುತ್ತದೆ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು ಸೆಕೆಂಡಿನ ಅರವತ್ತನೇ ಒಂದು ಭಾಗ. ನಿಲ್ದಾಣದಿಂದ ನಿಗದಿತ ಹೊತ್ತಿಗೆ ಬಸ್ಸು ಹೊರಟಂತೆ ಟಿವಿ ಆ ಹೊತ್ತಿಗೆ ಚಿತ್ರವನ್ನು ಕೇಳುತ್ತದೆ. ಅರೆಗಳಿಗೆ ತಡವಾದರೂ ಹಳೆಯ ಚಿತ್ರವನ್ನೇ ಮತ್ತೆ ತೋರಿಸಿ ಮುಂದಿನ ಬಸ್ಸಿಗೆ ಕಾಯಬೇಕು. ಆಗ ಆಟ ಮುಗ್ಗರಿಸುತ್ತದೆ. ಇಂದಿನ ದೊಡ್ಡ ಟಿವಿಗಳಲ್ಲಿ 3,840 ಅಡ್ಡ, 2,160 ಉದ್ದ, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳು. ಫ್ಯಾಮಿಕಾಮಿನ 135 ಪಟ್ಟು! ಹೊಗೆ, ಸ್ಫೋಟ, ಜನಜಂಗುಳಿ ಬಂದಾಗ ಅನೇಕ ಕನ್ಸೋಲ್ ಆಟಗಳು ಸದ್ದಿಲ್ಲದೆ ಚುಕ್ಕಿಗಳನ್ನು ಕಡಿಮೆ ಮಾಡಿ ಚಿತ್ರ ಬರೆದು, ಅದನ್ನೇ ಹಿಗ್ಗಿಸಿ ತೋರಿಸುತ್ತವೆ. ಆಡುವವರ ಗಮನ ವೈರಿಯ ಮೇಲಿರುತ್ತದೆ, ಚುಕ್ಕಿಯ ಮೇಲಲ್ಲ!

ಒಂದು ಮಾದರಿಯ ಎಲ್ಲ ಕನ್ಸೋಲುಗಳ ಒಳಗೂ ಹೆಚ್ಚುಕಡಿಮೆ ಅದೇ ಚಿಪ್, ಅದೇ ಮೆಮೊರಿ. ಆಟ ಬರೆಯುವವರು ಆ ಒಂದೇ ಯಂತ್ರದ ಮೂಲೆ ಮೂಲೆಯನ್ನೂ ಅರಿತು ಬರೆಯಬಹುದು. ಕಂಪ್ಯೂಟರುಗಳಾದರೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಎಲ್ಲಕ್ಕೂ ಹೊಂದುವಂತೆ ಬರೆಯಬೇಕಾದಾಗ ಯಾವುದರ ಬಲವೂ ಪೂರ್ತಿ ಹೊರಬರುವುದಿಲ್ಲ.

ಕನ್ಸೋಲು ಅಗ್ಗವಾಗಿ ಸಿಗುವುದರಿಂದ ಒಂದು ವಿಚಿತ್ರವೂ ನಡೆಯಿತು. 2010ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯವು 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್ 3 ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಒಂದು ಸೂಪರ್ ಕಂಪ್ಯೂಟರನ್ನೇ ಕಟ್ಟಿತು. ಅದು ಆಟಕ್ಕಲ್ಲ, ಚಿತ್ರಗಳ ವಿಶ್ಲೇಷಣೆಯಂಥ ಭಾರೀ ಲೆಕ್ಕಗಳಿಗೆ!

ಈಗ ನಿಮ್ಮ ಚೌಕುಳಿ ಹಾಳೆಯನ್ನು ಮತ್ತೆ ತೆಗೆಯಿರಿ. ಕಾರ್ಮ್ಯಾಕನ ಉಪಾಯ ಯಾವಾಗಲೂ ಫಲಿಸುತ್ತದೆಯೇ? ಆಕಾಶ ಮತ್ತು ಗಿಡ ಈ ಎರಡನ್ನೇ ಬಳಸಿ ಹತ್ತು ಚೌಕಗಳನ್ನು ತುಂಬಿ, ಬಲಗಡೆಯಿಂದ ಬರುವ ಹನ್ನೊಂದನೆಯದನ್ನೂ ಆರಿಸಿಕೊಳ್ಳಿ. ಒಂದು ಚೌಕ ಸರಿಸಿದಾಗ ಹತ್ತಕ್ಕೆ ಹತ್ತೂ ಬದಲಾಗಬೇಕಾದರೆ ಹೇಗೆ ತುಂಬಬೇಕು?