ಕಾಡಿನ ಕ್ಯಾಂಪಿಗೆ ಹಳೆಯ ಡಿಶ್

ಆರೆಗಾನ್‌ನಿಂದ ಕೇಳಿದ ಓದುಗರೇ, ಮನೆಗೆ ಫೈಬರ್ ಬಂದ ಮೇಲೆ ಮೂಲೆ ಸೇರಿರುವ ನಿಮ್ಮ ಸ್ಟಾರ್‌ಲಿಂಕ್ ಉಪಗ್ರಹ-ಇಂಟರ್ನೆಟ್ ಡಿಶ್ ಕ್ಯಾಂಪಿಗೆ ಧಾರಾಳವಾಗಿ ಆಗುತ್ತದೆ. ಮನೆ ವಿಳಾಸದ ಪ್ಲಾನ್ ಅಲ್ಲಿ ನಡೆಯದು. ಡಿಶ್ ಒಯ್ದಲ್ಲೆಲ್ಲ ಬಳಸಬಹುದಾದ ರೋಮ್ (Roam) ಪ್ಲಾನ್‌ಗೆ ಬದಲಿಸಿಕೊಳ್ಳಿ.

ನಿಜವಾದ ತಲೆನೋವು ಕರೆಂಟು. ಡಿಶ್ ಸುಮಾರು 75 ವ್ಯಾಟ್ ಎಳೆದರೆ 12 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಲೆಕ್ಕಕ್ಕೆ 16 ಗಂಟೆ ಬರುತ್ತದೆ. ಇನ್ವರ್ಟರ್ ತನ್ನ ಪಾಲು ತಿಂದ ಮೇಲೆ ಇನ್ನೂ ಕಡಿಮೆ. ಮಲಗುವಾಗ ಆರಿಸಿಬಿಡಿ, ಕಾಡಿನಲ್ಲೂ ರಾತ್ರಿಯಿಡೀ ವಾಟ್ಸ್ಯಾಪ್ ಯಾಕೆ?

ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಲೇ ಇರುತ್ತವೆ. ನಿಮ್ಮ ಕಡೆಯ ಡಗ್ಲಾಸ್ ಫರ್ ಮರ ಅಡ್ಡ ಬಂದರೆ ಸಂಪರ್ಕ ಕಡಿಯುತ್ತದೆ. ಆ್ಯಪ್‌ನಲ್ಲಿ ಅಡಚಣೆ ಪರೀಕ್ಷಿಸಿ, ಉತ್ತರದ ಆಕಾಶ ತೆರೆದಿರುವ ಕಡೆ ಇಡಿ.

ಊರಿಗೆ ಬರುವಾಗ ಮಾತ್ರ ಅದನ್ನು ಸೂಟ್‌ಕೇಸಿಗೆ ತುಂಬಬೇಡಿ; ಪರವಾನಗಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ.